ದಿಲ್ಲೂ ಭೇಜಾನೂ

ಹೊಟ್ಟೆಕಿಚ್ಚಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಹೇಳಿದವನು ಖಂಡಿತ ಹೊಟ್ಟೆ ತುಂಬಿದವನೇ ಇರಬೇಕು. ಉಂಡವನ ಕಿಚ್ಚು ಪಕ್ಕದವನ ಕಾರಿನ ಮೇಲೋ ಫಾರ್ಮ್‌ಹೌಸಿನ ಮೇಲೋ ಬೀಳುತ್ತದೆ. ಠಾಣೆಯ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಇನ್ನೊಬ್ಬರ ನೋಟನ್ನು ನೇರ ಮಾಡುತ್ತ ಬಂದ ಲೋಕನಾಥ ಪೂಜಾರಿಗೆ ಅಷ್ಟು ದೂರದ ಕಿಚ್ಚು ಕೈಗೆಟುಕುವಂಥದ್ದಲ್ಲ. ಅವನ ಕಿಚ್ಚು ಡೊಂಬಿವಲಿಯ ತನ್ನದೇ ಮನೆಯಲ್ಲಿ, ಹೆಂಡತಿಯ ಮೊಬೈಲಿನ ಮೇಲೆ ಬಿತ್ತು.

ಆಟದ ಹೆಸರು ಗೋಟಿ ರಾಜಾ. ಪರದೆಯ ತುಂಬ ಬಣ್ಣಬಣ್ಣದ ಗೋಟಿ, ಎಂದರೆ ನಮ್ಮ ಗೋಲಿ. ಒಂದನ್ನು ಪಕ್ಕಕ್ಕೆ ಸರಿಸಿ ಒಂದೇ ಬಣ್ಣದ ಮೂರನ್ನು ಸಾಲು ಮಾಡಿದರೆ ಅವು ಟಪ್ಪೆಂದು ಒಡೆದು ಮಾಯವಾಗುತ್ತವೆ, ಮೇಲಿದ್ದವು ಕೆಳಗೆ ಇಳಿಯುತ್ತವೆ. ಸೋತರೆ ಒಂದು ಹೃದಯ ಹೋಯಿತು. ಇದ್ದ ಹೃದಯಗಳೆಲ್ಲ ಮುಗಿದರೆ ಕೈಕಟ್ಟಿ ಕೂರಬೇಕು, ಇಲ್ಲವೇ ಅದೇ ಟೋಳಿಯಲ್ಲಿ, ಎಂದರೆ ತಂಡದಲ್ಲಿ, ಆಡುವವರು ಯಾರಾದರೂ ದಯೆ ತೋರಿ ಒಂದು ಕಳಿಸಬೇಕು. ಲೋಕನಾಥ ಲೋಕಲ್ ಟ್ರೈನಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಆಡುತ್ತಲೇ ಮುನ್ನೂರ ಹನ್ನೊಂದು ಲೆವೆಲ್ ಏರಿದ್ದ. ಮುನ್ನೂರ ಹನ್ನೆರಡರಲ್ಲಿ ಕೆಳಗಿನ ಸಾಲಿನ ಗೋಟಿಗಳಿಗೆಲ್ಲ ಸರಪಳಿ ಬಿಗಿದಿತ್ತು. ಮಳೆಗಾಲ ಮುಗಿಯಿತು, ಗಣಪತಿ ಬಂದು ಹೋದ, ನವರಾತ್ರಿಯೂ ಮುಗಿಯಿತು. ಸರಪಳಿ ಕದಲಲಿಲ್ಲ.

ಕದಲದ್ದಕ್ಕೆ ಕಾರಣವಿತ್ತು. ಆಡುವವನು ಸ್ವಲ್ಪ ಯೋಚಿಸುತ್ತ ನಿಂತರೆ ಸಾಕು, ಆಟವೇ ಎರಡು ಗೋಟಿಗಳನ್ನು ಮಿನುಗಿಸಿ ಇಲ್ಲಿ ಮುಟ್ಟು ಎನ್ನುತ್ತದೆ. ಲೋಕನಾಥ ಮುಟ್ಟುತ್ತಿದ್ದ. ಧಣಿ ಬೆರಳು ತೋರಿಸಿದಲ್ಲಿ ಹೋಗಿ ನಿಂತು ಅಭ್ಯಾಸವಾದ ಮನುಷ್ಯ, ಮಿನುಗಿದಲ್ಲಿ ಮುಟ್ಟದೆ ಇನ್ನೇನು ಮಾಡಿಯಾನು?

ಹೃದಯ ಸಾಲದೆ ಹೋದಾಗ ಅವನಿಗೊಂದು ಉಪಾಯ ಹೊಳೆಯಿತು. ಹೆಂಡತಿ ಗಂಗಾಳ ಫೋನಿಗೂ ಅದೇ ಆಟ ಹಾಕಿದ. ಅವಳು ಆಡುವುದು ಬೇಡ, ದಿನಕ್ಕೊಮ್ಮೆ ಗಂಡನಿಗೆ ಹೃದಯ ಕಳಿಸಿದರೆ ಸಾಕು. ಕನ್ನಡದವರದ್ದೇ ಒಂದು ಟೋಳಿ ಸಿಕ್ಕಿತು, ಇಬ್ಬರೂ ಸೇರಿದರು. ಗಂಗಾ ಡೊಂಬಿವಲಿ ಸ್ಟೇಷನ್ ಹತ್ತಿರದ ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಸೀರೆ ತಂದವರಿಗೆ ಅದೇ ಬಣ್ಣದ ಬ್ಲೌಸ್ ಪೀಸು, ಅಸ್ತರು, ಫಾಲ್ ಹುಡುಕಿಕೊಡುವುದು ಅವಳ ಅನ್ನ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಂಡನಿಗೆ ಹೃದಯ ಕಳಿಸಲೆಂದು ಆಟ ತೆರೆದವಳು, ತೆರೆದದ್ದೇ ತೆರೆದೆ ಎಂದು ಒಂದು ಕೈ ನೋಡಿದಳು. ದೀಪಾವಳಿಯ ಹೊತ್ತಿಗೆ ಗಂಡನ ಪಕ್ಕ ಬಂದು ನಿಂತಳು. ದೀಪಾವಳಿ ಮುಗಿಯುವುದರೊಳಗೆ ಅವನನ್ನು ದಾಟಿ ಹೋದಳು.

ಟೋಳಿಗೆ ಕಿಟ್ಟು ಎಂಬ ಹೆಸರಿನವನೊಬ್ಬ ಮುಖ್ಯಸ್ಥ. ಮುಖವಿರಬೇಕಾದ ಜಾಗದಲ್ಲಿ ನವಿಲುಗರಿಯ ಚಿತ್ರ. ಅವನೇ ಗಂಗಾಳಿಗೆ ಗುಟ್ಟು ಹೇಳಿಕೊಟ್ಟದ್ದು. ಅದೇ ವಾರ ಅವನು ‘ಠಾಣೆ ಕಾ ಬಾದಶಾ’ ಎಂಬ ಆಟಗಾರನನ್ನು ಟೋಳಿಯಿಂದ ಹೊರಗೆ ಹಾಕಿದ. ಒಂದೇ ಲೆವೆಲಿನಲ್ಲಿ ಕೂತವರಿಂದ ಟೋಳಿಯ ಮಾನ ಹೋಗುತ್ತದೆ ಎಂದು ಷರಾ ಬರೆದ. ಠಾಣೆ ಕಾ ಬಾದಶಾ ಎಂದರೆ ನಮ್ಮ ಲೋಕನಾಥನೇ. ನಿಜವಾದ ಠಾಣೆಯಲ್ಲಿ ಚಿಲ್ಲರೆಗಾಗಿ ಗಿರಾಕಿಗಳ ಹತ್ತಿರ ಬೈಸಿಕೊಳ್ಳುವವನು ಇನ್ನೆಲ್ಲಿ ಬಾದಶಾ ಆಗಬೇಕು?

ಗಂಡ ಹೊರಬಿದ್ದ ಟೋಳಿಯಲ್ಲಿ ಹೆಂಡತಿ ಇರುವುದು ಯಾವ ಧರ್ಮ ಎಂದು ಅವನು ಕೇಳಿದ. ಗಂಗಾ ಕಾಯಿ ತುರಿಯುತ್ತ ಕೂತಿದ್ದಳು.

“ಅಲ್ಲಿದ್ದಾಗ ನಾನು ಕೊಟ್ಟ ಹೃದಯ ಎಲ್ಲ ಎಂತ ಮಾಡಿದ್ರಿ? ಅದೇ ಲೆವೆಲಿಗೆ ಸುರಿದ್ರಿ,” ಎಂದಳು. “ಕಿಟ್ಟುವಿಗೆ ಕೊಟ್ಟರೆ ಅವನು ನಾಲ್ಕು ಮೆಟ್ಟಿಲು ಹತ್ತಿ ತೋರಿಸ್ತಾನೆ.”

“ಅವನು ನಿನಗೆ ಹೇಳಿದ ಗುಟ್ಟು ಎಂತದು?”

“ಗುಟ್ಟಲ್ಲ ಮಾರಾಯರೆ, ಬುದ್ಧಿ. ಆಟ ತೋರಿಸಿದಲ್ಲಿ ಮುಟ್ಟಬಾರದು. ಅದು ತೋರಿಸುವುದು ನಮ್ಮ ಲಾಭಕ್ಕಲ್ಲ, ಅದರ ಲಾಭಕ್ಕೆ. ಮೇಲೆ ಎಷ್ಟು ಒಡೆದರೂ ಮೇಲಿನದೇ ಹಾರಾಡ್ತದೆ. ಕೆಳಗಿನಿಂದ ಒಡೀಬೇಕು, ಆಗ ಮೇಲಿನದು ತಾನಾಗಿ ಬೀಳ್ತದೆ. ಬಾಂಬ್ ಸಿಕ್ಕಿದ ಕೂಡಲೇ ಸಿಡಿಸಬಾರದು, ಎರಡು ಆಗುವವರೆಗೆ ಕಾಯಬೇಕು.”

ಇಷ್ಟು ಸ್ಪಷ್ಟವಾಗಿ ಹೇಳಿದರೂ ಲೋಕನಾಥನ ಕಿವಿಗೆ ಬಿದ್ದದ್ದು ಒಂದೇ ಮಾತು: ಅವನು ತೋರಿಸ್ತಾನೆ. ಮನುಷ್ಯನಿಗೆ ಹೊಟ್ಟೆ ಉರಿಯುವಾಗ ಕಿವಿಯಲ್ಲಿ ಹೊಗೆ ತುಂಬಿರುತ್ತದೆ.

ಹೆಂಡತಿಯನ್ನು ಬೇಡಿ ಫಲವಿಲ್ಲವೆಂದು ಅವನು ತಂಗಿಯನ್ನು ಹಿಡಿದ. ತಂಗಿ ಬಾಗಿ ಘಣಸೋಲಿಯಲ್ಲಿ ಗಂಡ ಧರ್ಮಪಾಲನ ಜೊತೆ ಇದ್ದಳು. ಕುಟುಂಬದಲ್ಲಿ ಯಾರಿಗೆ ಹೆಣ್ಣು ನೋಡಬೇಕಾದರೂ, ಯಾರಿಂದ ಪಾಲು ಬಿಡಿಸಬೇಕಾದರೂ ಬಾಗಿ ಮುಂದೆ. ಅವಳ ಫೋನಿಗೊಂದು ಗೋಟಿ ರಾಜಾ ಹಾಕಿಸಿದರೆ ತನ್ನದೇ ಟೋಳಿ ಕಟ್ಟಬಹುದು ಎಂಬ ಲೆಕ್ಕದಲ್ಲಿ, ಬೆಳಗಿನ ಲೋಕಲ್‌ನಿಂದಲೇ ಫೋನ್ ಮಾಡಿದ. ಮಾತನ್ನು ಆಟದ ಹೆಸರಿನಿಂದ ಶುರು ಮಾಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನೊಂದವನು ಯಾವಾಗಲೂ ನೋವಿನಿಂದಲೇ ಶುರು ಮಾಡುತ್ತಾನೆ.

“ಬಾಗಿ, ಗಂಗಾ ಅವಳ ಹೃದಯ ಎಲ್ಲ ಯಾರೋ ಕಿಟ್ಟುವಿಗೆ ಕೊಡ್ತಾಳೆ. ನನಗೆ ಒಂದೂ ಇಲ್ಲ.”

ಘಣಸೋಲಿಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಬಾಗಿ, ಯಾವ ಕಿಟ್ಟು ಎಂದು ಮೆಲ್ಲಗೆ ಕೇಳಿದಳು.

“ಮುಖ ನೋಡಿದವರಿಲ್ಲ. ದಿನಾ ಮಧ್ಯಾಹ್ನ ಬರ್ತಾನೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಸರಿಯಾಗಿ.”

“ನೀನು ಸುಮ್ಮನೆ ನೋಡ್ತಾ ಇದ್ದೀಯಾ ಅಣ್ಣ?”

“ನೋಡುವುದು ಹೇಗೆ? ನನ್ನನ್ನು ಹೊರಗೆ ಹಾಕಿದ್ದಾನೆ.”

ಸಾಕ್ಷಿ ಉಂಟಾ ಎಂದಳು ಬಾಗಿ. ಲೋಕನಾಥ ಹಿಂದಿನ ದಿನ ಗಂಗಾಳ ಫೋನಿನಲ್ಲಿ ಕಂಡದ್ದನ್ನು ಇದ್ದ ಹಾಗೆ ಒಪ್ಪಿಸಿದ. ಆಟ ಇದ್ದದ್ದು ಹಿಂದಿಯಲ್ಲಿ: ಕಿಟ್ಟು ನೇ ಆಪ್‌ಕೋ ದಿಲ್ ಭೇಜಾ ಹೈ. ಭೇಜಾ ಎಂದರೆ ಹಿಂದಿಯಲ್ಲಿ ಕಳಿಸಿದ ಎಂದು ಅರ್ಥ. ಆದರೆ ಬಾಗಿಯ ಹಿಂದಿ ಘಣಸೋಲಿಯ ಮೀನು ಮಾರ್ಕೆಟ್ಟಿನಲ್ಲಿ ಕಲಿತದ್ದು. ಅಲ್ಲಿ ಭೇಜಾ ಎಂದರೆ ಮೆದುಳು, ಪಕ್ಕದ ಮಟನ್ ಅಂಗಡಿಯಲ್ಲಿ ಪ್ಲೇಟಿನ ಲೆಕ್ಕದಲ್ಲಿ ಸಿಗುವಂಥದ್ದು.

“ದಿಲ್ಲೂ ಭೇಜಾನೂ ಎರಡೂ ಕೊಟ್ಟಿದ್ದಾನಾ?” ಎಂದಳು ಬಾಗಿ. “ಹಾಗಾದರೆ ಅವನ ಹತ್ತಿರ ಇನ್ನು ಎಂತ ಉಳಿಯಿತು ಅಣ್ಣ? ಇದು ಸಣ್ಣ ಸಂಗತಿ ಅಲ್ಲ.”

ಇದು ಆಟ ಮಾರಾಯ್ತಿ ಎಂದು ಲೋಕನಾಥ ಹೇಳಿದ. ನಿಜವಾಗಿ ಹೇಳಿದ. ಆದರೆ ಗಾಡಿ ಮುಂಬ್ರಾ ಗುಡ್ಡದ ಬದಿಗೆ ಬಂದಿತ್ತು, ನೆಟ್‌ವರ್ಕ್ ಹೋಗಿತ್ತು. ಬಾಗಿಯ ಕಿವಿಗೆ ತಲುಪಿದ್ದು ಅಣ್ಣನ ಒಂದು ನಿಟ್ಟುಸಿರು ಮಾತ್ರ. ಇಡೀ ಡಬ್ಬಿಗೆ ಮಾತ್ರ ಎಲ್ಲವೂ ತಲುಪಿತ್ತು. ಕನ್ನಡ ತಿಳಿಯದವರಿಗೂ ದಿಲ್ ತಿಳಿಯುತ್ತದಲ್ಲ. ಬಾಗಿಲ ಬಳಿ ನೇತಾಡುತ್ತಿದ್ದ ಒಬ್ಬ ಸಜ್ಜನ ಒಳಗೆ ಸರಿದು ಲೋಕನಾಥನಿಗೆ ಜಾಗ ಬಿಟ್ಟ. ಹತ್ತು ಹನ್ನೆರಡು ವರ್ಷದ ಓಡಾಟದಲ್ಲಿ ಅವನಿಗೆ ಆ ಗಾಡಿಯಲ್ಲಿ ಯಾರೂ ಜಾಗ ಬಿಟ್ಟಿರಲಿಲ್ಲ. ಅದೇ ಡಬ್ಬಿಯಲ್ಲಿ ಅದೇ ಹೋಟೆಲಿನ ಸಪ್ಲೈಯರ್ ಯಶ್ವಂತನೂ ಇದ್ದ. ಅವನು ದೂರದಲ್ಲಿ ನಿಂತಿದ್ದರಿಂದ ಅವನಿಗೆ ಕೇಳಿದ್ದು ಅರ್ಧ: ಹೆಂಡತಿ, ಹೃದಯ, ಹೊರಗೆ ಹಾಕಿದ್ದಾನೆ. ಅರ್ಧ ಕೇಳಿದವನು ಪೂರ್ತಿ ಹೇಳದೆ ಬಿಡುವುದಿಲ್ಲ. ಬೆಳಗಿನ ಮೊದಲ ಇಡ್ಲಿ ಇಳಿಯುವ ಮೊದಲೇ ಸುದ್ದಿ ಧಣಿಗೆ ಮುಟ್ಟಿತು.

ಧಣಿ ಮಧ್ವರಾಜ ರಾಯರು ಹಣೆಗೆ ನಾಮ, ಮೈಗೆ ಬಿಳಿ ಅಂಗಿ, ಬಾಯಲ್ಲಿ ಶಿಸ್ತು. ಬಣ್ಣಕ್ಕೆ ಬಣ್ಣ ಸೇರಿಸಿ ಸಾಲು ಮಾಡುವ ಆಟ ಅವರ ಹೋಟೆಲಿನಲ್ಲಿ ಮೊಬೈಲು ಹುಟ್ಟುವ ಮೊದಲೇ ನಡೆಯುತ್ತಿತ್ತು. ಒಲೆಯ ಮುಂದೆ ಒಂದು ಜಾತಿ, ಗಲ್ಲಾದಲ್ಲಿ ಒಂದು, ಟೇಬಲ್ ಒರೆಸಲು ಇನ್ನೊಂದು. ಊಟಕ್ಕೆ ಕೂರುವಾಗಲೂ ಅದೇ ಸಾಲು. ಒಂದು ಗೋಟಿಯೂ ಜಾಗ ತಪ್ಪುವಂತಿಲ್ಲ. ರಜೆ ಎಂದರೆ ತಿಂಗಳಿಗೆ ಒಂದೋ ಎರಡೋ, ಅದೂ ಧಣಿಯ ಮುಖ ನೋಡಿ ಕೇಳಬೇಕು. ಕೆಲಸದವರ ಫೋನುಗಳೆಲ್ಲ ಬೆಳಗ್ಗೆ ಖಾಲಿ ಬಿಸ್ಕತ್ತಿನ ಡಬ್ಬಕ್ಕೆ. ಮೊಬೈಲಿನಲ್ಲಿ ಆಟ ಆಡುವವನು ಕಂಡರೆ ಅವತ್ತೇ ಮನೆಗೆ. ಮೊಬೈಲು ಕಲಿಯ ವಾಹನ ಎನ್ನುತ್ತಿದ್ದರು ರಾಯರು. ಹೀಗೆ ಹೇಳಿ ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಜಪಕ್ಕೆ ಕೂರುತ್ತಿದ್ದರು.

ರಾಯರು ಕಲ್ಯಾಣದಲ್ಲಿ ಹೊಸ ಬ್ರಾಂಚ್ ತೆರೆಯುವವರಿದ್ದರು. ಅದರ ಮ್ಯಾನೇಜರ್ ಕುರ್ಚಿ ಲೋಕನಾಥನಿಗೆಂದು ಬಾಯಿಮಾತಾಗಿತ್ತು. ಎಷ್ಟೋ ವರ್ಷಗಳಿಂದ ಸ್ಟೂಲಿನ ಮೇಲೆ ಕೂತವನಿಗೆ ಬೆನ್ನಿಗೆ ಆಧಾರವಿರುವ ಕುರ್ಚಿ ಎಂದರೆ ಏನೆಂಬುದು ಸ್ಟೂಲಿನ ಮೇಲೆ ಕೂತವರಿಗೇ ಗೊತ್ತು.

“ಲೋಕು,” ಎಂದರು ರಾಯರು, “ನಿನ್ನ ಮನೆಯಲ್ಲಿ ಎಂತದೋ ನಡೀತಾ ಉಂಟಂತೆ. ಮನೆಯ ಗಲ್ಲಾ ಕಾಯಲಾರದವನಿಗೆ ಕಲ್ಯಾಣದ ಗಲ್ಲಾ ಕೊಟ್ಟರೆ ಜನ ನನಗೆ ನಗುವುದಿಲ್ಲವೋ? ಸೋಮವಾರ ನಾನೇ ಬಂದು ಕೂತು ತೀರ್ಮಾನ ಮಾಡ್ತೇನೆ. ಆಗದಿದ್ದರೆ ಕುರ್ಚಿ ಯಶ್ವಂತನಿಗೆ.”

ಲೋಕನಾಥನ ಬಾಯಲ್ಲಿ ಉತ್ತರವಿತ್ತು. ಆ ಉತ್ತರದಲ್ಲಿ ಆಟವಿತ್ತು, ಆಟದಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ಅವನ ನೌಕರಿಯ ಸಮಾಧಿಯಿತ್ತು. ಹೆಂಡತಿಗೆ ಒಬ್ಬ ಗೆಳೆಯನಿದ್ದಾನೆ ಎಂದರೆ ಕುರ್ಚಿ ಹೋಗುತ್ತದೆ. ತಾನು ಗೋಟಿ ಆಡುತ್ತೇನೆ ಎಂದರೆ ಸ್ಟೂಲೂ ಹೋಗುತ್ತದೆ. ಬರಲಿ ಧಣಿ ಎಂದು ತಲೆಯಾಡಿಸಿದ. ಮಿನುಗಿದಲ್ಲಿ ಮತ್ತೊಮ್ಮೆ ಮುಟ್ಟಿದ.

ಈ ನಡುವೆ ಒಂದು ವಿಚಿತ್ರ ನಡೆಯಿತು. ಎಲ್ಲರೂ ತನ್ನನ್ನು ಕರುಣೆಯಿಂದ ನೋಡತೊಡಗಿದಾಗ ಲೋಕನಾಥನಿಗೇ ಅನುಮಾನ ಬಂತು. ಅಷ್ಟು ಜನ ಹೇಳುವಾಗ ಸುಳ್ಳಿರಬಹುದೇ? ಒಂದು ಹೊಟ್ಟೆಕಿಚ್ಚು ಇದ್ದಲ್ಲಿ ಈಗ ಎರಡಾಯಿತು. ಗಂಗಾ ಒಗ್ಗರಣೆ ಹಾಕುತ್ತ ಗುನುಗಿದರೂ ಯಾರಿಗಾಗಿ ಎಂದು ಕೇಳುತ್ತಿದ್ದ. ಬಂಗುಡೆ ಮೀನಿಗೆ ಎಂದಳು ಅವಳು.

ಬಾಗಿ ಅತ್ತ ಸುಮ್ಮನಿರಲಿಲ್ಲ. ಗಂಡ ಧರ್ಮಪಾಲನಿಂದ ಅಣ್ಣನ ಬಿಲ್ಡಿಂಗಿನ ಸೆಕ್ರೆಟರಿ ಅಭಿಜಿತ್‌ಗೆ ಫೋನ್ ಮಾಡಿಸಿದಳು. ಅಭಿಜಿತ್ ಮರಾಠಿಯವನು. ಉಡುಪಿ ಕಡೆಯವರೆಲ್ಲ ಶೆಟ್ಟಿಗಳೇ ಎಂದು ನಂಬಿದ್ದವನು ಲೋಕನಾಥ ಪೂಜಾರಿಯನ್ನು ಮನೆ ಕೊಂಡಾಗಿನಿಂದ ಶೆಟ್ಟಿಅಣ್ಣಾ ಎಂದೇ ಕರೆಯುತ್ತಿದ್ದ. ಶೆಟ್ಟಿಅಣ್ಣನ ಮಾನ ಎಂದರೆ ಸೊಸೈಟಿಯ ಮಾನ ಎಂದು ಅವನು ವಾಚ್‌ಮನ್‌ಗೆ ಕಟ್ಟುನಿಟ್ಟಿನ ಆಜ್ಞೆ ಕೊಟ್ಟ: ಹೊರಗಿನ ಗಂಡಸು ಯಾರೇ ಬರಲಿ, ಮೊದಲು ಹೆಸರು ಕೇಳು, ಕಿಟ್ಟು ಆದರೆ ಒಳಗೆ ಬಿಡಬೇಡ. ವಾಚ್‌ಮನ್ ನಿಷ್ಠಾವಂತ. ಗ್ಯಾಸ್ ತಂದವನನ್ನು, ಕೊರಿಯರಿನವನನ್ನು, ನಾಲ್ಕನೇ ಮಾಳಿಗೆಯ ಅಜ್ಜನನ್ನು ನೋಡಲು ಬಂದ ಡಾಕ್ಟರನ್ನು ತಡೆದು, ನೀನು ಕಿಟ್ಟು ಏನು ಎಂದು ಕೇಳಿದ. ಎರಡು ದಿನದಲ್ಲಿ ಆ ಹೆಸರು ಆ ಗಲ್ಲಿಯಲ್ಲಿ ಒಂದು ಬೈಗುಳವಾಯಿತು.

ಸೋಮವಾರ ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ ಮಧ್ವರಾಜ ರಾಯರು ಜಪ ಬಿಟ್ಟು ರಿಕ್ಷಾದಲ್ಲಿ ಬಂದಿಳಿದರು. ಜೊತೆಗೆ ಯಶ್ವಂತ. ವಾಚ್‌ಮನ್ ಕೋಲು ಅಡ್ಡ ಹಿಡಿದ.

“ಆಪ್ ಕಿಟ್ಟು ಹೈ ಕ್ಯಾ?”

ರಾಯರ ಹಣೆಯ ನಾಮ ಬೆವರಿಗೆ ಇಳಿಯಿತು. ತಾನು ಮಧ್ವರಾಜ ಎಂದರು, ಹೋಟೆಲಿನ ಮಧ್ವರಾಜ ಎಂದರು, ಹುಟ್ಟಿದಾಗಿನಿಂದ ಮಧ್ವರಾಜ ಎಂದರು. ಒಂದು ಸಲ ಹೇಳಿದ್ದರೆ ಸಾಕಿತ್ತು. ಕೆಳಗೆ ಕರೆಯಲು ಬಂದ ಲೋಕನಾಥನನ್ನು ಪಕ್ಕಕ್ಕೆ ಎಳೆದು, ಈ ಕಿಟ್ಟು ಯಾರೋ ಎಂದು ಕೇಳಿದರು. ಅವನೇ ಧಣಿ, ನನ್ನ ಸಂಸಾರ ಮುರಿದವನು ಎಂದ ಲೋಕನಾಥ. ರಾಯರಿಗೆ ಆ ಕೂಡಲೇ ಠಾಣೆಯಲ್ಲಿ ಗ್ರೈಂಡರ್ ಕೆಟ್ಟದ್ದು ನೆನಪಾಯಿತು. ಹೊರಟೇಬಿಡುತ್ತಿದ್ದರು. ಆದರೆ ಗಂಡನೊಂದಿಗೆ ಮೊದಲೇ ಬಂದಿದ್ದ ಬಾಗಿ ಮೇಲಿನಿಂದ ನೋಡಿ, ದೊಡ್ಡವರು ಬಂದರು ಎಂದು ಇಳಿದು ಬಂದು ಕೈಹಿಡಿದು ನಡೆಸುವಷ್ಟು ಭಕ್ತಿಯಿಂದ ಅವರನ್ನು ಮೆಟ್ಟಿಲು ಹತ್ತಿಸಿದಳು.

ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿ ರಾಯರಿಗೆ. ಧರ್ಮಪಾಲ ಮತ್ತು ಅಭಿಜಿತ್ ಮಂಚದ ಮೇಲೆ. ಯಶ್ವಂತ ಬಾಗಿಲಿಗೆ ಒರಗಿ. ಲೋಕನಾಥ ತನ್ನ ಮನೆಯಲ್ಲೂ ಸ್ಟೂಲಿನ ಮೇಲೆ. ಸೋಮವಾರ ಅಂಗಡಿಗೆ ರಜೆಯಾದ್ದರಿಂದ ಮನೆಯಲ್ಲೇ ಇದ್ದ ಗಂಗಾ ಒಳಗಿನಿಂದ ಬಂದು ಸೆರಗಿಗೆ ಕೈ ಒರೆಸಿ ನಿಂತಳು. ಇಷ್ಟು ಜನ ಯಾರ ಶ್ರಾದ್ಧಕ್ಕೆ ಎಂದು ಅವಳ ಮುಖ ಕೇಳುತ್ತಿತ್ತು.

ಬಾಗಿ ವಕೀಲಿಕೆ ಶುರು ಮಾಡಿದಳು. ಅತ್ತಿಗೆಗೆ ಒಬ್ಬನು ದಿಲ್ಲೂ ಭೇಜಾನೂ ಕೊಟ್ಟದ್ದು, ಅತ್ತಿಗೆ ತನ್ನ ಹೃದಯವನ್ನು ಅವನಿಗೆ ದಿನವಹಿ ಕೊಡುವುದು, ಅಣ್ಣನನ್ನು ಹೊರಗೆ ಹಾಕಿದ್ದು, ಎಲ್ಲವನ್ನೂ ಕಣ್ಣಾರೆ ಕಂಡವಳ ಹಾಗೆ ಹೇಳಿದಳು. ಅಭಿಜಿತ್‌ಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದ. ರಾಯರು ಮಾತ್ರ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು.

ಗಂಗಾ ಕೊನೆಯವರೆಗೂ ಕೇಳಿದಳು. ಆಮೇಲೆ ಗಂಡನ ಕಡೆ ತಿರುಗಿದಳು. “ಇದು ಆಟ ಅಂತ ನೀವು ಇವರಿಗೆ ಹೇಳಲಿಲ್ಲವಾ?”

ಲೋಕನಾಥ ಧಣಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ನೆಲ ನೋಡಿದ್ದು ಗಂಗಾಳಿಗೆ ನಾಟಿತು. ಬಾಗಿಯ ಅಷ್ಟೂ ಮಾತು ನಾಟಿರಲಿಲ್ಲ.

“ಸರಿ,” ಎಂದಳು. “ಒಂದು ಕುರ್ಚಿಗೆ ನನ್ನನ್ನು ಇಷ್ಟು ಜನರ ಎದುರು ನಿಲ್ಲಿಸಿದ್ರಿ. ಈಗ ನಾನು ಆಡ್ತೇನೆ, ನೋಡಿ.”

ಹಾಗಾದರೆ ಆ ಕಿಟ್ಟುವನ್ನು ಈಗಲೇ ಇಲ್ಲಿಗೆ ಕರೆಸು ಎಂದು ಬಾಗಿ ಪಟ್ಟು ಹಿಡಿದಳು. ಕರೆಸಲಿಕ್ಕೆ ಆಗುವುದಿಲ್ಲ, ಹೃದಯ ಕಳಿಸಬಹುದು ಅಷ್ಟೇ ಎಂದು ಗಂಗಾ ಫೋನ್ ತೆರೆದಳು. ರಾಯರು ನೀರು ಕೇಳಿದರು. ಯಾರೂ ತರಲಿಲ್ಲ. ಪರದೆಯ ಮೇಲೆ ಬಂದದ್ದನ್ನು ಗಂಗಾ ಎಲ್ಲರಿಗೂ ಕೇಳುವ ಹಾಗೆ ಓದಿದಳು.

“ಕಿಟ್ಟು ಕೇ ಪಾಸ್ ದಿಲ್ ನಹೀ ಹೈ. ಅವನ ಹತ್ತಿರ ಹೃದಯ ಇಲ್ಲವಂತೆ. ಬೆಳಗ್ಗಿನಿಂದ ಬೇಡ್ತಾ ಇದ್ದಾನೆ.”

ಒತ್ತಿದಳು.

ರಾಯರ ಬಿಳಿ ಅಂಗಿಯ ಒಳಜೇಬಿನಿಂದ ಗಂಟೆ ಬಾರಿಸಿದ ಸದ್ದು ಬಂತು. ಅದರ ಹಿಂದೆಯೇ ಒಂದು ಹೆಣ್ಣುದನಿ ಕೋಣೆಯ ತುಂಬ ಕೇಳುವ ಹಾಗೆ ಹೇಳಿತು: ವಾಹ್ ಕಿಟ್ಟು ರಾಜಾ, ಏಕ್ ದಿಲ್ ಮಿಲಾ.

ರಾಯರ ಕೈ ಜೇಬಿಗೆ ಹೋಯಿತು, ಅದನ್ನು ಆರಿಸಲು ಹೋಗಿ ಇನ್ನೆಲ್ಲೋ ಒತ್ತಿತು. ವಾಹ್ ಕಿಟ್ಟು ರಾಜಾ, ಎಂದಿತು ಅದು ಮತ್ತೆ. ಇಷ್ಟು ಹೊತ್ತು ಒಂದಕ್ಷರ ತಿಳಿಯದಿದ್ದ ಅಭಿಜಿತ್‌ಗೆ ಈಗ ಎಲ್ಲ ತಿಳಿಯಿತು. ಅವನು ಎದ್ದು ಕಿಟಕಿಯಿಂದ ಬಗ್ಗಿ ವಾಚ್‌ಮನ್‌ಗೆ, ನೀನು ಬಿಟ್ಟೆಯಲ್ಲೋ ಎಂದು ಮರಾಠಿಯಲ್ಲಿ ಬೈದ.

“ಅಮ್ಮ ಇಟ್ಟ ಮುದ್ದಿನ ಹೆಸರು,” ಎಂದರು ರಾಯರು. ಆಟದಲ್ಲಿ ಎದುರಿಗಿರುವುದು ಲೋಕುವಿನ ಹೆಂಡತಿ ಎಂದು ದೇವರಾಣೆ ಗೊತ್ತಿರಲಿಲ್ಲವೆಂದರು. ಅವಳಿಗೆ ಅಲ್ಲಿ ‘ಮ್ಯಾಚಿಂಗ್ ಸೆಂಟರ್’ ಎಂಬ ಹೆಸರಿದ್ದರೆ ಯಾವುದೋ ಅಂಗಡಿ ಎಂದುಕೊಳ್ಳುವುದಿಲ್ಲವೇ ಎಂದರು.

“ಜಪ,” ಎಂದ ಯಶ್ವಂತ ಬಾಗಿಲ ಬಳಿ, ಗೋಡೆಗೆ ಹೇಳಿದ ಹಾಗೆ.

ಲೋಕನಾಥನ ತಲೆಯಲ್ಲಿ ಆಗ ಗೋಟಿಗಳು ಒಂದೊಂದಾಗಿ ಸಾಲಿಗೆ ಬಂದವು. ಅವನು ಸ್ಟೂಲಿನಿಂದ ಎದ್ದ. ಧಣಿಯ ಎದುರು ಅವರು ಹೇಳದೆ ತಾನಾಗಿ ಎದ್ದದ್ದು ಅದೇ ಮೊದಲು.

“ಹಾಗಾದರೆ ನನ್ನನ್ನು ಟೋಳಿಯಿಂದ ತೆಗೆದದ್ದು ನೀವೇ?”

ರಾಯರು ಕಣ್ಣು ಕಿರಿದು ಮಾಡಿದರು. “ಠಾಣೆ ಕಾ ಬಾದಶಾ, ನೀನೋ? ಮುನ್ನೂರ ಹನ್ನೆರಡು?” ಎಂದರು. ಬಿಸ್ಕತ್ತಿನ ಡಬ್ಬ ನೆನಪಾಗಿ ಒಂದು ಗಳಿಗೆ ಅವರ ಹುಬ್ಬು ಮೇಲೇರಿತು. ತನ್ನ ಜೇಬು ನೆನಪಾಗಿ ಇಳಿಯಿತು.

ಗಂಗಾ ಆ ಗಳಿಗೆಯನ್ನು ಬಿಡಲಿಲ್ಲ. ರಾಯರ ಟೋಳಿ ಊರಿಗೆಲ್ಲ ಮೊದಲನೆಯದಾಗುವ ಸ್ಪರ್ಧೆ ಅವತ್ತು ಸಂಜೆಗೆ ಮುಗಿಯುವುದಿತ್ತು. ರಾಯರ ಹತ್ತಿರ ಇದ್ದದ್ದು ಈಗ ಸಿಕ್ಕಿದ ಒಂದೇ ಹೃದಯ. ಟೋಳಿಯಲ್ಲಿ ಮಿಕ್ಕವರೆಲ್ಲ ಬರಿಗೈ. ಇಷ್ಟೂ ಗಂಗಾಳಿಗೆ ಗೊತ್ತಿತ್ತು. ಆದ್ದರಿಂದ ಅವಳು ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಮಾತಾಡಿದಳು. ರಾಯರ ಕಣ್ಣು ಸೊಂಟದ ಕಡೆ ಹೋಗಿ ತಟ್ಟನೆ ಕ್ಯಾಲೆಂಡರಿಗೆ ಮರಳಿತು.

“ರಾಯರೇ, ಇನ್ನೊಂದು ಹೃದಯ ಬೇಕಾದರೆ ಕೊಡ್ತೇನೆ. ಪುಕ್ಕಟೆ ಅಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ವಾರಕ್ಕೊಂದು ರಜೆ. ಟೇಬಲ್ ಒರೆಸುವವರಿಂದ ಶುರುವಾಗಲಿ. ಆ ಊಟದ ಸಾಲು ಇನ್ನು ಬೇಡ, ಬಂದವರು ಬಂದ ಹಾಗೆ ಕೂರಲಿ.”

ರಾಯರು ಯಶ್ವಂತನನ್ನು ನೋಡಿದರು. ಅವನು ಬಾಗಿಲಿಗೆ ಒರಗಿದ್ದವನು ಈಗ ಬಾಗಿಲ ನಡುವೆ ನಿಂತಿದ್ದ.

“ಇದನ್ನೆಲ್ಲ ನಿಮಗೆ ಯಾರಮ್ಮ ಕಲಿಸಿದ್ದು?” ಎಂದರು ರಾಯರು.

“ನೀವೇ ಅಲ್ಲವಾ. ಕೆಳಗಿನಿಂದ ಒಡೀಬೇಕು, ಮೇಲಿನದು ತಾನಾಗಿ ಬೀಳ್ತದೆ ಅಂತ.”

ರಾಯರು ಒಪ್ಪಿದರು. ಮನಸ್ಸು ಕರಗಿ ಒಪ್ಪಿದ್ದಲ್ಲ. ಸಂಜೆಯಾಗುತ್ತಿತ್ತು, ಮತ್ತು ಯಶ್ವಂತನ ಬಾಯಿ ಯಾವ ವೇಗದ್ದು ಎಂಬುದು ಅವರಿಗೆ ಗೊತ್ತಿತ್ತು. ಇತಿಹಾಸದಲ್ಲಿ ಹೃದಯ ಪರಿವರ್ತನೆ ಎಂದು ಬರೆಯುವುದೆಲ್ಲ ಬಹುಪಾಲು ಇಂಥದ್ದೇ. ಹೋಗುವ ಮೊದಲು ಕಲ್ಯಾಣದ ಕುರ್ಚಿಯ ಮಾತು ಬಂತು. ಆ ಕುರ್ಚಿಗೆ ತಕ್ಕ ಬುದ್ಧಿ ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ಈಕೆಗೇ ಎಂದು ರಾಯರು ಗಂಗಾಳ ಕಡೆ ಕೈ ತೋರಿಸಿದರು. ಲೋಕನಾಥನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಧಗ್ಗೆಂದಿತು.

ಗಂಗಾ ಗಂಡನನ್ನು ಸ್ವಲ್ಪ ಹೊತ್ತು ಬೇಯಲು ಬಿಟ್ಟಳು. ಆಮೇಲೆ, ನನಗೆ ನನ್ನ ಅಂಗಡಿ ಸಾಕು, ಕುರ್ಚಿ ಅವರಿಗೇ ಇರಲಿ ಎಂದಳು. “ಕಷ್ಟಪಟ್ಟು ಗಳಿಸಿದ್ದಾರೆ,” ಎಂದು ಸೇರಿಸಿದಳು. ಆ ಮಾತು ಲೋಕನಾಥನಿಗೆ ಇವತ್ತಿಗೂ ಕುರ್ಚಿಯ ಮೇಲೆ ಕೂತಾಗ ಚುಚ್ಚುತ್ತದೆ.

ಕಲ್ಯಾಣದ ಬ್ರಾಂಚ್ ತೆರೆಯಿತು. ಮೊದಲ ವಾರದ ರಜೆಯಲ್ಲಿ ಲೋಕನಾಥ ಕಿಟಕಿಯ ಬಳಿ ಕೂತು ಮುನ್ನೂರ ಹನ್ನೆರಡನ್ನು ತೆರೆದ. ಎರಡು ಗೋಟಿ ಮಿನುಗಿದವು. ಬೆರಳು ಹೋಯಿತು, ಅರ್ಧದಲ್ಲಿ ನಿಂತಿತು. ಅವನು ಕೆಳಗೆ, ಸರಪಳಿಯ ಪಕ್ಕದಲ್ಲಿ ಮುಟ್ಟಿದ. ಒಂದು ಸಾಲು ಒಡೆಯಿತು, ಅದರ ಮೇಲಿನದು ಜಾರಿತು, ಅದರ ಮೇಲಿನದು ಅದರ ಮೇಲೆ ಬಿತ್ತು, ತುದಿಯವರೆಗೂ ಎಲ್ಲ ಧಡಧಡನೆ ಕುಸಿದು ಸರಪಳಿ ಕಳಚಿತು. ಅಡುಗೆಮನೆಯಲ್ಲಿದ್ದ ಗಂಗಾಳನ್ನು ಕರೆಯಬೇಕೆಂದು ಬಾಯಿ ತೆರೆಯುವುದರೊಳಗೆ ಪರದೆಯ ಮೇಲೆ ಅವನ ಜೀವಮಾನದಲ್ಲಿ ಕೇಳದೆ ಬಂದ ಮೊದಲ ಹೃದಯ ಇಳಿಯಿತು: ಬಾಗಿ ನೇ ಆಪ್‌ಕೋ ದಿಲ್ ಭೇಜಾ ಹೈ. ಟೋಳಿಗೆ ಕರೆಯುವಾಗ ಹೊರಗಿನವರಿಗೂ ಒಂದು ಕಳಿಸಬಹುದಿತ್ತು; ಘಣಸೋಲಿ ಟೋಳಿಗೆ ಬಾ ಎಂದು ಅವಳು ಕರೆದಿದ್ದಳು.

ಹಿಂದೆಯೇ ಅವಳ ಫೋನು ಬಂತು. “ಅಣ್ಣ, ದಿಲ್ ಮಾತ್ರ ಕಳಿಸಿದ್ದೇನೆ. ಭೇಜಾ ನನ್ನ ಹತ್ತಿರವೇ ಉಂಟು.”

ಲೋಕನಾಥನ ಕಣ್ಣು ತುಂಬಿ ಬಂತು. ಕಡೆಗೂ ಒಡಹುಟ್ಟಿದವಳೇ ಆದಳಲ್ಲ ಎಂದುಕೊಳ್ಳುತ್ತ ಅವಳ ಹೆಸರಿನ ಪಕ್ಕದಲ್ಲಿ ಬರೆದಿದ್ದ ಲೆವೆಲನ್ನು ನೋಡಿದ. ಆಟ ಹಾಕಿಸಿಕೊಂಡು ಹದಿನೈದು ದಿನವಾಗಿತ್ತೋ ಇಲ್ಲವೋ, ಬಾಗಿ ಆಗಲೇ ನಾನೂರು ದಾಟಿದ್ದಳು.